ಲೆಕ್ಕಕ್ಕೆ ಸಿಗದ ಐವತ್ತಾರು ಜಿಬಿ

ನಮ್ಮ ಅತ್ತಿಗೆಗೆ ಬೀದಿಯವರು ಇಟ್ಟ ಹೆಸರು ಚೂರಮ್ಮ. ಬೇರೆ ಯಾರನ್ನಾದರೂ ಹಾಗೆ ಕರೆದಿದ್ದರೆ ಜಗಳವಾಗುತ್ತಿತ್ತು. ಇವರು ಅದನ್ನೇ ಅಂಗಡಿಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿಕೊಂಡಿದ್ದಾರೆ: ‘ಚೂರಮ್ಮ, ಹೊಲಿಗೆ ಮತ್ತು ಕಂಪ್ಯೂಟರ್ ರಿಪೇರಿ’. ಓದಿದವರು ಒಂದು ಗಳಿಗೆ ನಿಂತು ನಗುತ್ತಾರೆ. ನಗಲಿ ಬಿಡಿ. ನಕ್ಕವರೇ ನಾಳೆ ಜಿಪ್ಪು ಕಿತ್ತ ಪ್ಯಾಂಟೋ ಆನ್ ಆಗದ ಲ್ಯಾಪ್‌ಟಾಪೋ ಹಿಡಿದುಕೊಂಡು ಬರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಾನು ಅವರ ನಾದಿನಿ. ಗಂಡನ ಮನೆ ಸಾಕು ಎಂದು ನಾನು ಎದ್ದು ಬಂದ ದಿನ ನಮ್ಮಣ್ಣ ಮುಖ ಗಂಟು ಹಾಕಿಕೊಂಡ. ಅತ್ತಿಗೆ ಏನನ್ನೂ ಕೇಳದೆ ಒಂದು ಸ್ಟೂಲು ಎಳೆದು, ಸೂಜಿದಾರ ಕೈಗಿಟ್ಟು, “ಈ ಶರ್ಟಿಗೆ ಗುಂಡಿ ಹಾಕು” ಎಂದರು. ಇಪ್ಪತ್ತೆರಡು ವರ್ಷವಾಯಿತು, ಹಾಕುತ್ತಲೇ ಇದ್ದೇನೆ. ಅಂಗಡಿಯ ಮುಂಭಾಗ ನನ್ನದು: ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ, ಪರದೆ ಎಳೆದ ಒಂದು ಟ್ರಯಲ್ ರೂಮು. ಹಿಂಭಾಗದಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಈಗ ಅದರ ಮೇಲೆ ಕಂಪ್ಯೂಟರುಗಳು ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತವೆ. ಅವುಗಳ ಮುಂದೆ ಕೂತ ಅತ್ತಿಗೆಯ ಕೊರಳಲ್ಲಿ ಇವತ್ತಿಗೂ ಅಳತೆಯ ಟೇಪು ನೇತಾಡುತ್ತಿರುತ್ತದೆ.

ಹೆಸರು ಬಂದದ್ದು ಒಂದು ಕೋಟಿನಿಂದ. ಆಗ ಅತ್ತಿಗೆಗೆ ಇಪ್ಪತ್ತಾರು, ಅಂಗಡಿ ಹಾಕಿ ವರ್ಷವೂ ತುಂಬಿರಲಿಲ್ಲ. ಮದುಮಗನ ತಾಯಿಯೊಬ್ಬಳು, ತಾನು ಮೂರು ಮೀಟರ್ ಬಟ್ಟೆ ಕೊಟ್ಟಿದ್ದೆ, ಅದರಲ್ಲಿ ಕಾಲು ಮೀಟರ್ ಎಲ್ಲಿ ಹೋಯಿತು ಎಂದು ಬೀದಿಯಲ್ಲಿ ನಿಂತು ಕೂಗಿದಳು. “ಅಕ್ಕಸಾಲಿ ಅಕ್ಕನ ಚಿನ್ನ ಬಿಡಲ್ಲ, ದರ್ಜಿ ಅಮ್ಮನ ಬಟ್ಟೆ ಬಿಡಲ್ಲ” ಎಂದು ಗಾದೆಗೆ ತನ್ನದೊಂದು ಬಾಲವನ್ನೂ ಅಂಟಿಸಿದಳು. ಜನ ಸೇರಿದರು. ಅತ್ತಿಗೆ ಕಸದ ಚೀಲವನ್ನು ಮೇಜಿನ ಮೇಲೆ ಸುರಿದು, ಆ ಬಣ್ಣದ ಚೂರುಗಳನ್ನೆಲ್ಲ ಆರಿಸಿದರು. ಕೋಟಿನ ಕಾಗದದ ಕಟಿಂಗನ್ನು ಹಾಸಿ, ಅದರ ಸುತ್ತ ಒಂದೊಂದೇ ಚೂರನ್ನು ಜೋಡಿಸುತ್ತ ಹೋದರು. ಎರಡು ಗಂಟೆ ಹಿಡಿಯಿತು. ಹೆಬ್ಬೆರಳಿನಷ್ಟು ಚೂರೂ ತನ್ನ ಜಾಗಕ್ಕೆ ಬಂದು ಕೂತ ಮೇಲೆ ಅಳೆದರೆ ಬಟ್ಟೆ ಎರಡೂಮುಕ್ಕಾಲು ಮೀಟರ್. ಬಟ್ಟೆ ಅಂಗಡಿಯವನನ್ನು ಕರೆಸಿ ಕೇಳಿದರು. ಅವನು ಅಳೆದು ಕೊಟ್ಟದ್ದು ಮೂರು ಗಜ. ಈ ಮಹಾತಾಯಿ ತಲೆಯಲ್ಲಿಟ್ಟುಕೊಂಡದ್ದು ಮೂರು ಮೀಟರ್. ಕದ್ದವರು ಯಾರೂ ಇಲ್ಲ, ಅಳೆದ ಕೋಲು ಬೇರೆ, ಅಷ್ಟೇ.

ಅವತ್ತಿನಿಂದ ಅತ್ತಿಗೆಯದೊಂದು ಪದ್ಧತಿ. ಗಿರಾಕಿಯ ಎದುರಿಗೇ ಬಟ್ಟೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಹೊಲಿದು ಒಪ್ಪಿಸುವಾಗ ಉಳಿದ ಚೂರುಗಳನ್ನೆಲ್ಲ ಗಂಟು ಕಟ್ಟಿ ಜೊತೆಗೆ ಕೊಡುತ್ತಾರೆ. “ಇದನ್ನ ಇಟ್ಕೊಂಡು ನಾನೇನಮ್ಮ ಮಾಡ್ಲಿ?” ಎಂದು ಕೇಳಿದವರಿಗೆ, “ಬಿಸಾಕಿ. ಆದ್ರೆ ನೀವೇ ಬಿಸಾಕಿ” ಎನ್ನುತ್ತಾರೆ.

ಕಂಪ್ಯೂಟರಿಗೆ ಇಳಿದದ್ದೂ ಇಂಥದೇ ಹಟದಿಂದ. ನಲವತ್ಮೂರನೇ ವಯಸ್ಸಿನಲ್ಲಿ ಒಂದು ಕಸೂತಿ ಯಂತ್ರ ಕೊಂಡರು, ಕಂಪ್ಯೂಟರಿನಿಂದ ಓಡುವಂಥದ್ದು. ಒಂದು ದಿನ ಅದು ‘ಜಾಗವಿಲ್ಲ’ ಎಂದು ನಿಂತುಬಿಟ್ಟಿತು. ಬಂದ ಮೆಕ್ಯಾನಿಕ್ಕು ಏನು ಎತ್ತ ಎಂದು ನೋಡದೆ ಎಲ್ಲ ಅಳಿಸಿ, “ಈಗ ಜಾಗ ಆಯ್ತು ನೋಡಿ” ಎಂದು ಹಲ್ಲು ಕಿರಿದ. ಅತ್ತಿಗೆ ಮೂರು ವರ್ಷ ಕೂತು ಬರೆದ ಹೂಬಳ್ಳಿಯ ಡಿಸೈನುಗಳೆಲ್ಲ ಅದರಲ್ಲೇ ಇದ್ದವು. ಅವತ್ತು ಅವರು ಅತ್ತದ್ದನ್ನು ನಾನು ಕಣ್ಣಾರೆ ಕಂಡೆ. ಮಾರನೇ ವಾರವೇ ಸಂಜೆ ಕ್ಲಾಸಿಗೆ ಸೇರಿದರು. ಮೀಸೆ ಮೂಡದ ಹುಡುಗರ ನಡುವೆ ಕೂತು ಕಲಿತರು. ಬಂದ ಪ್ರತಿ ಯಂತ್ರಕ್ಕೂ ಇವತ್ತು ಅದೇ ನೋಟ್‌ಬುಕ್ಕು: ಬಂದಾಗ ಎಷ್ಟಿತ್ತು, ಹೋಗುವಾಗ ಎಷ್ಟಿದೆ. ಲೆಕ್ಕ ಕೂಡುವವರೆಗೆ ಒಂದನ್ನೂ ಅಳಿಸುವುದಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಆ ಮಂಗಳವಾರ ಗಮನಿಸಿ ಮಾವ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದರು.

ಗಮನಿಸಿ ಮಾವ ಎಂದರೆ ನಮ್ಮೂರಿನಲ್ಲಿ ಗೊತ್ತಿಲ್ಲದವರಿಲ್ಲ. ಮೂವತ್ತೊಂದು ವರ್ಷ ರೈಲ್ವೆ ಸ್ಟೇಷನ್ನಿನ ಮೈಕಿನ ಹಿಂದೆ ಕೂತು ‘ಪ್ರಯಾಣಿಕರು ದಯವಿಟ್ಟು ಗಮನಿಸಿ’ ಎಂದವರು. ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲ. ಎಂಥ ದನಿ ಅಂತೀರಿ! ಗಾಡಿ ಎರಡು ಗಂಟೆ ತಡ ಎಂದು ಅವರು ಹೇಳಿದರೆ ಜನ ಬೈಯದೆ ಬೆಂಚಿನ ಮೇಲೆ ಕೂರುತ್ತಿದ್ದರು. ನಿವೃತ್ತರಾದ ಮೇಲೆ ಗಂಟಲಲ್ಲಿ ಗಡ್ಡೆ ಕಂಡು, ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಕುತ್ತಿಗೆಗೊಂದು ಕರ್ಚೀಫು, ಎದೆಯ ಮೇಲೆ ದಾರದಲ್ಲಿ ನೇತಾಡುವ ಮಕ್ಕಳ ಬಿಳಿ ಬೋರ್ಡು, ಅದಕ್ಕೊಂದು ಪೆನ್ನು.

ಜೊತೆಗೆ ಬಂದಿದ್ದ ಅವರ ಹೆಂಡತಿ ಟವೆಲ್ಲಿನಲ್ಲಿ ಸುತ್ತಿದ ಹಾರ್ಡ್ ಡಿಸ್ಕನ್ನು ಮೇಜಿನ ಮೇಲಿಟ್ಟರು. ಮಾತು ಶುರುವಾದದ್ದು ನಿಲ್ಲಲಿಲ್ಲ.

“ಆಪರೇಷನ್‌ಗೆ ಮುಂಚೆ ನಲವತ್ತು ದಿನ, ಅಮ್ಮ, ನಲವತ್ತು ದಿನ ಒಳರೂಮಲ್ಲಿ ಕಂಬಳಿ ಹೊದ್ದು ಕೂತು ಕಂಪ್ಯೂಟರ್ ಮುಂದೆ ಮಾತಾಡಿದ್ದಾರೆ. ಮಾತಿನ ತರಬೇತಿ ಕೊಡೋ ಡಾಕ್ಟರಮ್ಮ ಇದಾರಲ್ಲ, ಅವರು ಓದೋಕೆ ವಾಕ್ಯ ಬರೆದುಕೊಟ್ಟಿದ್ರು. ಆ ದನಿ ಇಟ್ಕೊಂಡು ಒಂದು ಮೆಷಿನ್ ಮಾಡಿಸ್ತಾರಂತೆ. ಇವರು ಟೈಪ್ ಮಾಡಿದ್ರೆ ಇವರ ದನಿಯಲ್ಲೇ ಅದು ಮಾತಾಡುತ್ತೆ. ಆ ನಲವತ್ತು ದಿನದ್ದೂ ಈ ಡಿಸ್ಕಲ್ಲೇ ಇತ್ತು. ಈಗ ಇಲ್ಲ!”

“ಯಾವಾಗಿಂದ ಇಲ್ಲ?” ಎಂದರು ಅತ್ತಿಗೆ.

“ಅಳಿಯಂದ್ರು ಹೊಸ ಕಂಪ್ಯೂಟರ್ ತಂದು, ಹಳೇದರ ಡಿಸ್ಕನ್ನ ಬಿಚ್ಚಿ ಈ ಡಬ್ಬೀಲಿ ಹಾಕಿಕೊಟ್ರು. ಆಮೇಲೆ ನೋಡಿದ್ರೆ ದನಿ ಇಲ್ಲ. ಕೇಳಿದ್ರೆ, ಡಿಸ್ಕೇ ಹಾಳಾಗಿದೆ ಅತ್ತೆ ಅಂತಾರೆ. ಐನೂರು ಜಿಬಿ ಅಂತ ಬರೆದಿದೆ, ನಾನೂರ ಅರವತ್ತೈದೇ ತೋರಿಸುತ್ತೆ, ಆ ಮೂವತ್ತೈದು ತಿಂದುಹಾಕಿದಾಗ ದನೀನೂ ಹೋಯ್ತು ಅಂತಾರೆ. ಮೂರು ಅಂಗಡಿಗೆ ಹೋಗಿಬಂದೆ, ಕಂಪ್ಯೂಟರಿನ ಕಸದ ಬುಟ್ಟೀನೂ ಖಾಲಿ ಅಂತ ಎಲ್ರೂ ಕೈ ಚೆಲ್ಲಿಬಿಟ್ರು. ಶುಕ್ರವಾರ ಮಧ್ಯಾಹ್ನ ಡಾಕ್ಟರಮ್ಮ ಎಲ್ಲರ ದನೀನೂ ಒಟ್ಟಿಗೆ ಕಳಿಸ್ತಾರೆ. ತಪ್ಪಿದ್ರೆ ಇವರ ಮೆಷಿನ್‌ಗೆ ಯಾವುದೋ ರೆಡಿಮೇಡ್ ದನಿ ಹಾಕಿಬಿಡ್ತಾರಂತೆ. ನೀವೇ ಹೇಳಿ, ಬೇರೆ ಯಾವನದೋ ದನಿಯಲ್ಲಿ ನನ್ನ ಗಂಡ ‘ಏ ಇವಳೇ’ ಅಂದ್ರೆ ನಾನು ಓಗೊಡಬೇಕಾ?”

ಅಷ್ಟು ಹೊತ್ತು ಮಾತಾಡಿದವರು ಅಲ್ಲಿಗೆ ಬಂದು ಬಿಕ್ಕಿದರು. ಗಮನಿಸಿ ಮಾವ ಬೋರ್ಡಿನ ಮೇಲೆ ಏನೋ ಬರೆದು ಅತ್ತಿಗೆಯ ಕಡೆ ತಿರುಗಿಸಿದರು. ‘ಬಿಟ್ಟುಬಿಡಿ. ತೊಂದರೆ ಬೇಡ.’ ಪಾಪ, ಎಷ್ಟು ನೊಂದಿದ್ದಾರೆ ಎಂದುಕೊಂಡೆ.

ಅತ್ತಿಗೆ ಆ ಬೋರ್ಡನ್ನು ಓದಿ, ಡಿಸ್ಕಿಗೆ ತಂತಿ ಚುಚ್ಚಿದರು. ಗಿರಾಕಿಯ ಎದುರಿಗೇ ಅಳತೆ ಶುರುವಾಯಿತು.

“ಮೊದಲು ಆ ಮೂವತ್ತೈದರ ವಿಷಯ. ಅದು ಹೋಗಿಲ್ಲ, ಇರಲೇ ಇಲ್ಲ. ಡಿಸ್ಕ್ ಮಾರೋರು ಸಾವಿರ ಸಾವಿರಕ್ಕೆ ಒಂದು ಗಂಟು ಕಟ್ತಾರೆ. ಕಂಪ್ಯೂಟರ್ ಸಾವಿರದ ಇಪ್ಪತ್ನಾಲ್ಕು, ಸಾವಿರದ ಇಪ್ಪತ್ನಾಲ್ಕಕ್ಕೆ ಗಂಟು ಕಟ್ಟುತ್ತೆ. ಬಟ್ಟೆ ಅಷ್ಟೇ, ಗಂಟು ಕಮ್ಮಿ. ಅವರ ಐನೂರು ಅಂದ್ರೆ ಇದರ ನಾನೂರ ಅರವತ್ತೈದು.”

“ಗಜ ಮತ್ತು ಮೀಟರ್” ಎಂದೆ ನಾನು ಸ್ಟೂಲಿನಿಂದಲೇ.

“ಹ್ಞೂಂ. ಈಗ ಖಾಲಿ ಎಷ್ಟು? ಇನ್ನೂರ ಎಂಬತ್ತೆಂಟು. ಹಾಗಾದ್ರೆ ತುಂಬಿರೋದು ನೂರ ಎಪ್ಪತ್ತೇಳು.” ಅತ್ತಿಗೆ ಡಿಸ್ಕಿನಲ್ಲಿ ಕಣ್ಣಿಗೆ ಕಾಣುವ ಫೋಲ್ಡರುಗಳನ್ನೆಲ್ಲ ಒಟ್ಟಿಗೆ ಹಿಡಿದು ತೂಗಿದರು. ನೂರ ಇಪ್ಪತ್ತೊಂದು ಬಂತು. ಇನ್ನೊಮ್ಮೆ ತೂಗಿದರು. ಮತ್ತೆ ನೂರ ಇಪ್ಪತ್ತೊಂದೇ. ನೋಟ್‌ಬುಕ್ಕಿನಲ್ಲಿ ಕಳೆದು, ಕೆಳಗೆ ಎರಡು ಗೆರೆ ಎಳೆದರು. ಐವತ್ತಾರು.

“ಐವತ್ತಾರು ಜಿಬಿ ಜಾಗ ತುಂಬಿದೆ ಅಂತ ಡಿಸ್ಕ್ ಹೇಳ್ತಿದೆ. ಆದ್ರೆ ಅಲ್ಲಿ ಏನಿದೆ ಅಂತ ತೋರಿಸ್ತಿಲ್ಲ. ಅಳಿಸಿಹೋಗಿದ್ರೆ ಅದು ಖಾಲಿ ಅಂತ ಬರಬೇಕಿತ್ತು. ಖಾಲಿ ಅಂತಿಲ್ಲ. ಅಂದ್ಮೇಲೆ ಯಾರೋ ಒಳಗೆ ಕೂತಿದ್ದಾರೆ.”

“ನಮ್ಮ ದನೀನಾ?” ಎಂದರು ಮಾವನ ಹೆಂಡತಿ.

“ಗೊತ್ತಿಲ್ಲ. ಗೊತ್ತಿಲ್ಲದೆ ಹ್ಞೂಂ ಅನ್ನಲ್ಲ. ಆದ್ರೆ ಯಾರು ಅಂತ ಕೇಳದೆ ನಾನು ಬಿಡೋಳೂ ಅಲ್ಲ.”

ಡಿಸ್ಕು ಹಳೆಯದು. ಕಿವಿಗೊಟ್ಟರೆ ಒಳಗೆ ಟಕ್ ಟಕ್ ಎಂಬ ಸದ್ದು. ಅಂಥದ್ದರ ಮೇಲೆ ನೇರವಾಗಿ ಕೈ ಹಾಕಿ ಹುಡುಕಿದರೆ ಇರುವುದೂ ಹೋದೀತು. ಆದ್ದರಿಂದ ಮೊದಲು ಇಡೀ ಡಿಸ್ಕಿನ ನಕಲು ತೆಗೆಯಬೇಕು, ಹುಡುಕಾಟ ನಕಲಿನ ಮೇಲೆ ಎಂದು ಅತ್ತಿಗೆ ತೀರ್ಮಾನಿಸಿದರು. ಬುಧವಾರ ಬೆಳಿಗ್ಗೆ ಶುರುವಾದ ನಕಲು ಹನ್ನೊಂದು ಗಂಟೆಗೆ ನಿಂತಿತು. ಮುಟ್ಟಿದರೆ ಡಿಸ್ಕು ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿತ್ತು. ಡಬ್ಬಿಯಿಂದ ಬಿಚ್ಚಿ, ನನ್ನ ಟೇಬಲ್ ಫ್ಯಾನನ್ನು ಕೇಳದೆ ಎತ್ತಿಕೊಂಡು ಹೋಗಿ ಅದರ ಮುಂದಿಟ್ಟರು. ನಾನು ಬೆವರು ಒರೆಸಿಕೊಳ್ಳುತ್ತ ಕೂತೆ. ಅರ್ಧ ಗಂಟೆ ಆರಿಸಿ, ನಿಂತಲ್ಲಿಂದ ಮತ್ತೆ ಶುರು. ಎರಡು ಗಂಟೆಗೆ ಮತ್ತೆ ನಿಂತಿತು. ಮತ್ತೆ ಆರಿಸಿದರು. “ಅತ್ತಿಗೆ, ಊಟನಾದ್ರೂ ಮಾಡಿ” ಎಂದರೆ, “ಇದು ತಣ್ಣಗಾಗ್ಲಿ, ಜೊತೆಗೇ ನಾನೂ ತಣ್ಣಗಾಗ್ತೀನಿ” ಎಂದರು.

ಆ ಹೊತ್ತಿಗೆ ಸರಿಯಾಗಿ ಬಂದ ಅಳಿಯ. ಕಂಕುಳಲ್ಲೊಂದು ಪ್ಯಾಂಟು, ಎರಡಿಂಚು ಕಡಿಮೆ ಮಾಡಿಸಬೇಕಂತೆ. ಅದನ್ನು ನನ್ನ ಮುಂದಿಟ್ಟು, ಅತ್ತಿಗೆಯ ಕಡೆ ತಿರುಗಿ, “ಅಮ್ಮ, ಆ ಡಿಸ್ಕ್ ಫಾರ್ಮ್ಯಾಟ್ ಮಾಡಿಬಿಡಿ. ಎಲ್ಲ ಅಳಿಸಿ ಕೊಟ್ಟುಬಿಡಿ” ಎಂದ.

ನನಗೆ ಎಲ್ಲಿತ್ತೋ ಸಿಟ್ಟು! “ಓಹೋ, ಸಾಕ್ಷಿ ಅಳಿಸೋಕೆ ಬಂದ್ರಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ಆ ಮನುಷ್ಯ ನಲವತ್ತು ದಿನ ಬೆವರು ಸುರಿಸಿ ಕೂಡಿಟ್ಟಿದ್ದನ್ನ ಒಂದೇ ಏಟಿಗೆ ಕಳೆದು, ಈಗ ಡಿಸ್ಕ್ ತಿಂತು ಅಂತ ಕಥೆ ಬೇರೆ. ಡಿಸ್ಕಿಗೇನು ಹಲ್ಲಿದೆಯಾ? ನಿಮ್ಮ ಪ್ಯಾಂಟು ಬೇರೆ ಟೈಲರ್ ಹತ್ರ ತಗೊಂಡು ಹೋಗಿ. ನಾನು ಮುಟ್ಟಲ್ಲ.”

ಅವನು ತಿರುಗಿ ಬೈಯಲಿಲ್ಲ. ಕಣ್ಣು ಕೆಳಗೆ ಹಾಕಿ, “ನಾಲ್ಕು ತಿಂಗಳಿಂದ ಮನೇಲಿ ನನ್ನ ಹತ್ರ ಯಾರೂ ನೆಟ್ಟಗೆ ಮಾತಾಡಿಲ್ಲ ಅಕ್ಕ. ಅತ್ತೆ ದಿನಾ ಆ ಡಿಸ್ಕನ್ನ ಟವೆಲ್ಲಲ್ಲಿ ಸುತ್ತಿಟ್ಟು ಕಾಯ್ತಾರೆ. ಇಲ್ಲ ಅಂದ್ರೆ ಇಲ್ಲ ಅಂತ ಆಗಿಹೋಗ್ಲಿ. ಕಾಯೋದನ್ನ ನೋಡೋಕಾಗಲ್ಲ. ನಾನೇನೂ ಅಳಿಸಿಲ್ಲ. ಕಸದ ಬುಟ್ಟೀನೂ ನೋಡಿದ್ದೆ, ಖಾಲಿ ಇತ್ತು. ಆದ್ರೆ ಕೈ ಹಾಕಿದವನು ನಾನೊಬ್ಬನೇ ಅಲ್ವಾ, ಯಾರು ನಂಬ್ತಾರೆ?” ಎಂದ.

“ಹೊಸ ಕಂಪ್ಯೂಟರ್ ತಂದಿದ್ದು ಯಾವತ್ತು?” ಎಂದು ಅತ್ತಿಗೆ ಕೇಳಿದರು.

“ನನ್ನ ಮಗಳ ಹುಟ್ಟುಹಬ್ಬದ ಮಾರನೇ ದಿನ. ಮೇ ಹನ್ನೊಂದು.”

ಅತ್ತಿಗೆ ಅದನ್ನು ಬರೆದುಕೊಂಡರು. ಅವನು ಪ್ಯಾಂಟನ್ನು ಮರೆತು, ಬರಿಗೈಯಲ್ಲಿ ಮೆಟ್ಟಿಲಿಳಿದು ಹೋದ. ಅವನ ಬೆನ್ನು ಮರೆಯಾದ ಮೇಲೆ ಅತ್ತಿಗೆ ನನ್ನ ಕಡೆ ತಿರುಗಿದರು. “ನೀನು ಅಳೆದು ನೋಡಿದ್ಯಾ?”

“ಏನು?”

“ತಪ್ಪು ಅವನದು ಅಂತ. ಅಳೆದು ನೋಡಿದ್ಯಾ, ಇಲ್ಲ ಹಾಗೇ ಕತ್ತರಿ ಹಾಕಿದ್ಯಾ?”

ನಾನು ಯಂತ್ರ ಜೋರಾಗಿ ತುಳಿದೆ. ಅವರ ಮೇಲೂ ಸಿಟ್ಟು ಬಂದಿತ್ತು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ನಕಲು ಮುಕ್ಕಾಲು ಆಗಿತ್ತು. ಡಿಸ್ಕಿಗೆ ರಾತ್ರಿಯೆಲ್ಲ ವಿಶ್ರಾಂತಿ ಕೊಟ್ಟು ಬಾಗಿಲು ಎಳೆದೆವು.

ಗುರುವಾರ ಹನ್ನೆರಡಕ್ಕೆ ನಕಲು ಮುಗಿಯಿತು. ಅತ್ತಿಗೆ ಹಳೆ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ನಕಲಿನ ಮುಂದೆ ಕೂತರು. ಸಾಮಾನ್ಯವಾಗಿ ಕಣ್ಣಿಗೆ ಕಾಣದ, ಕಂಪ್ಯೂಟರು ಬೀಗ ಹಾಕಿಟ್ಟುಕೊಳ್ಳುವ ಕೋಣೆಗಳಿರುತ್ತವಂತೆ. ಅವುಗಳನ್ನು ಒಂದೊಂದಾಗಿ ತೆರೆಯತೊಡಗಿದರು. ನಾನು ಸಿಟ್ಟು ಮರೆತು ಅವರ ಹೆಗಲ ಹಿಂದೆ ನಿಂತೆ.

ಮೊದಲ ಕೋಣೆಯಲ್ಲಿ ಹದಿನಾಲ್ಕು ಜಿಬಿ. “ಇದು ಕಂಪ್ಯೂಟರ್ ನಿದ್ದೆ ಹೋಗುವಾಗ ತನ್ನ ಕೆಲಸ ಎತ್ತಿಡೋ ಜಾಗ. ನಮಗೆ ಬೇಡದ್ದು.” ನಲವತ್ತೆರಡು ಉಳಿಯಿತು. ಎರಡನೇ ಕೋಣೆಗೆ ಅಪ್ಪಣೆಯೇ ಸಿಗಲಿಲ್ಲ. ಅರ್ಧ ಗಂಟೆ ಗುದ್ದಾಡಿ ತೆಗೆದರೆ ಇಪ್ಪತ್ತೆರಡು ಜಿಬಿ. ನಾನು ಇನ್ನಷ್ಟು ಮುಂದಕ್ಕೆ ಬಾಗಿದೆ. ಅತ್ತಿಗೆ ಕಣ್ಣು ಕಿರಿದು ಮಾಡಿ ನೋಡಿ, “ಊಹೂಂ. ಏನಾದ್ರೂ ಕೆಟ್ಟರೆ ಹಿಂದಿನ ಸ್ಥಿತಿಗೆ ವಾಪಸ್ ಹೋಗೋಕೆ ಅಂತ ಅದೇ ಎತ್ತಿಟ್ಟುಕೊಂಡಿದ್ದು. ದನಿ ಇಲ್ಲ” ಎಂದರು. ಬರೆದರು, ಕಳೆದರು. ಇಪ್ಪತ್ತು.

“ಸಾಕು ಬಿಡಿ ಅತ್ತಿಗೆ. ಉಳಿದಿದ್ದೂ ಇಂಥದ್ದೇ ಇರುತ್ತೆ.”

“ಮೂರು ಗಜದಲ್ಲಿ ಎರಡು ಗಜ ಸಿಕ್ಕಿದ ಮೇಲೆ ಯಾರಾದ್ರೂ ಎದ್ದು ಹೋಗ್ತಾರಾ? ಕೂತ್ಕೋ.”

ಮೂರನೆಯದು ಕಸದ ಬುಟ್ಟಿಯ ಕೋಣೆ. ಅದು ಖಾಲಿ ಎಂದು ಅಳಿಯನೂ ಹೇಳಿದ್ದ, ಮೂರು ಅಂಗಡಿಯವರೂ ಹೇಳಿದ್ದರು. ಅತ್ತಿಗೆ ನನಗೆ ಬಿಡಿಸಿ ಹೇಳಿದರು. ಒಂದು ಕಂಪ್ಯೂಟರನ್ನು ಇಬ್ಬರು ಬೇರೆ ಬೇರೆ ಹೆಸರಿನಲ್ಲಿ ಬಳಸಿದರೆ ಇಬ್ಬರಿಗೂ ಬೇರೆ ಬೇರೆ ಕಸದ ಬುಟ್ಟಿ. ನನ್ನ ಬುಟ್ಟಿ ತೆರೆದರೆ ನನ್ನ ಕಸ ಮಾತ್ರ ಕಾಣುತ್ತದೆ, ನಿನ್ನದು ಕಾಣುವುದಿಲ್ಲ. ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿದರಂತೂ ಹಳೆಯ ಬುಟ್ಟಿಯ ಸುಳಿವೂ ಸಿಗುವುದಿಲ್ಲ. ಎಲ್ಲರೂ ತೆರೆದು ನೋಡಿದ್ದು ತಮ್ಮ ತಮ್ಮ ಖಾಲಿ ಬುಟ್ಟಿಯನ್ನು.

ಆ ಕೋಣೆಯಲ್ಲಿ ಉದ್ದುದ್ದ ಅಂಕಿಗಳ ಹೆಸರಿನ ಎರಡು ಬುಟ್ಟಿಗಳಿದ್ದವು. ಒಂದು ಖಾಲಿ. ಇನ್ನೊಂದಕ್ಕೆ ಬೀಗ. ಬೀಗ ತೆಗೆಯುವಷ್ಟರಲ್ಲಿ ಮೂರು ಗಂಟೆಯಾಯಿತು. ಒಳಗೆ ಅರ್ಥವಿಲ್ಲದ ಅಕ್ಷರಗಳ ಹೆಸರಿನ ಒಂದೇ ಒಂದು ಫೋಲ್ಡರು. ಅದರೊಳಗೆ ಸಾಲಾಗಿ ‘ದಿನ ೧’, ‘ದಿನ ೨’ ಎಂದು ನಲವತ್ತು ಕಡತ. ತೂಗಿದರೆ ಸರಿಯಾಗಿ ಇಪ್ಪತ್ತು ಜಿಬಿ. ಅತ್ತಿಗೆ ಕೊನೆಯದನ್ನು ಒತ್ತಿದರು.

“ಪ್ರಯಾಣಿಕರು ದಯವಿಟ್ಟು ಗಮನಿಸಿ” ಎಂದಿತು ಆ ದನಿ. ಇಡೀ ಅಂಗಡಿ ತುಂಬಿತು. ಆಮೇಲೆ ಒಂದು ಕೆಮ್ಮು. ಬಾಗಿಲು ತಟ್ಟಿದ ಸದ್ದು. “ಏ ಇವಳೇ, ತಟ್ಟಬೇಡ ಕಣೇ, ರೆಕಾರ್ಡ್ ಆಗ್ತಿದೆ. ಟೀ ಅಲ್ಲೇ ಇಡು.”

ನಾನು ಅಳುತ್ತಲೂ ನಗುತ್ತಲೂ ಅತ್ತಿಗೆಯನ್ನು ತಬ್ಬಿಕೊಂಡೆ. “ಸಿಕ್ತು! ಫೋನ್ ಮಾಡಿ, ಈಗಲೇ ಮಾಡಿ!” ಅತ್ತಿಗೆ ಕದಲಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಬುಟ್ಟಿಗೆ ಏನಾದರೂ ಬಿದ್ದರೆ ಯಾವತ್ತು ಬಿತ್ತು ಎಂಬುದೂ ಅದರ ಜೊತೆ ಬರೆದಿರುತ್ತದೆ. ಏಪ್ರಿಲ್ ಒಂಬತ್ತು. ಹೊಸ ಕಂಪ್ಯೂಟರು ಬಂದದ್ದು ಮೇ ಹನ್ನೊಂದಕ್ಕೆ. ಬುಟ್ಟಿ ಯಾರದೆಂದು ತೆರೆದು ನೋಡಿದರೆ ಅಲ್ಲಿದ್ದದ್ದು ಗಮನಿಸಿ ಮಾವನ ಹೆಸರು.

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕೆಂಡಾಮಂಡಲವಾದೆ. “ಅವರೇ ಬಿಸಾಕಿದ್ದಾ? ಬಿಸಾಕಿ, ಅಳಿಯನ ತಲೆಗೆ ಕಟ್ಟಿ, ಅದಕ್ಕೇ ‘ಬಿಟ್ಟುಬಿಡಿ’ ಅಂತ ಬೋರ್ಡ್ ತೋರಿಸಿದ್ರಾ? ಹೆಗಲು ಮುಟ್ಟಿ ನೋಡ್ಕೊಂಡಿದ್ದು ಅವರು! ನಾನು ಆ ಹುಡುಗನಿಗೆ ಬಾಯಿಗೆ ಬಂದ ಹಾಗೆ ಅಂದೆನಲ್ಲ... ತಾಳಿ, ಅವರ ಹೆಂಡತಿಗೆ ನಾನೇ ಹೇಳ್ತೀನಿ.”

“ನೀನು ಹೇಳಲ್ಲ.” ಅತ್ತಿಗೆಯ ದನಿ ಏರಲಿಲ್ಲ. “ಚೂರು ಅವರದು. ಗಂಟು ಕಟ್ಟಿ ಅವರ ಕೈಗೇ ಕೊಡೋದು ನಮ್ಮ ಕೆಲಸ. ಬೀದಿಯಲ್ಲಿ ಸುರಿಯೋದಲ್ಲ.”

“ಹಾಗಾದ್ರೆ ಅಳಿಯ? ಜೀವನ ಪೂರ್ತಿ ಕಳ್ಳ ಅನ್ನಿಸ್ಕೋಬೇಕಾ? ನಿಮ್ಮನ್ನ ಬೀದಿಯಲ್ಲಿ ನಿಲ್ಲಿಸಿ ಕೂಗಿದಾಗ ನಿಮಗೆ ಹೇಗಿತ್ತು?”

ಅತ್ತಿಗೆ ಕೊರಳ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ, ಗಮನಿಸಿ ಮಾವನಿಗೆ ಒಂದು ಮೆಸೇಜು ಕಳಿಸಿದರು: ‘ಟ್ರಯಲ್‌ಗೆ ಬನ್ನಿ. ಒಬ್ಬರೇ ಬನ್ನಿ.’

ಮಾವ ಬಂದರು. ಅತ್ತಿಗೆ ಅವರನ್ನು ಟ್ರಯಲ್ ರೂಮಿನೊಳಗೆ ಸ್ಟೂಲಿನ ಮೇಲೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಪರದೆ ಎಳೆದರು. ನಾನು ಹೊರಗೆ ಇಸ್ತ್ರಿ ಮಾಡುತ್ತ ನಿಂತೆ. ಪರದೆಯ ಕೆಳಗೆ ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಹತ್ತು ನಿಮಿಷ ಅವು ಅಲುಗಲಿಲ್ಲ. ಆಮೇಲೆ ಪರದೆಯೇ ನಡುಗತೊಡಗಿತು. ದನಿಯಿಲ್ಲದ ಮನುಷ್ಯ ಅತ್ತರೆ ಬರೀ ಉಸಿರು ಕೇಳುತ್ತದೆ. ನಾನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟೆ. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

ಅತ್ತಿಗೆ ಪರದೆ ಸರಿಸಿದಾಗ ಅವರು ಬೋರ್ಡಿನಲ್ಲಿ ಬರೆದಿದ್ದರು: ‘ನಾನೇ.’ ಅದನ್ನು ಒರೆಸಿ ಮತ್ತೆ ಬರೆದರು: ‘ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಹಾಕಿ ಕೇಳಿದೆ. ನನ್ನನ್ನೇ ಅಣಕಿಸಿದ ಹಾಗಾಯಿತು. ತಡೆಯಲಾಗಲಿಲ್ಲ.’ ಮತ್ತೆ ಒರೆಸಿದರು. ‘ಆಮೇಲೆ ಇವಳು ಅತ್ತಳು. ಹೇಳಲು ಧೈರ್ಯ ಬರಲಿಲ್ಲ. ಅಳಿಯ ಸುಮ್ಮನೆ ಬೈಸಿಕೊಂಡ.’

“ಗೊತ್ತು” ಎಂದರು ಅತ್ತಿಗೆ. “ದನಿ ನಾಳೆ ಡಾಕ್ಟರಮ್ಮನಿಗೆ ಹೋಗುತ್ತೆ. ಹೇಗೆ ಸಿಕ್ತು ಅಂತ ನಿಮ್ಮ ಮನೆಯವರು ಕೇಳಿದ್ರೆ, ಡಿಸ್ಕಿನ ಮೂಲೆಯಲ್ಲಿತ್ತು ಅಂತೀನಿ, ಅದು ಸುಳ್ಳಲ್ಲ. ಯಾರು ಇಟ್ಟಿದ್ದು ಅಂತ ಕೇಳಿದ್ರೆ, ನಿಮ್ಮನ್ನೇ ಕೇಳಿ ಅಂತೀನಿ. ಅಳಿಯಂದ್ರು ಬಂದು ಕೇಳಿದ್ರೆ ಮಾತ್ರ ತಾರೀಖು ತೋರಿಸ್ತೀನಿ ಮಾವ. ನನ್ನನ್ನೂ ಒಂದು ಸಲ ಕಳ್ಳಿ ಅಂದಿದ್ರು. ಅವರು ಕೇಳೋಕೆ ಮುಂಚೆ ನೀವೇ ಹೇಳಿ.”

ಮಾವ ಒಂದು ಪದ ಬರೆದರು: ‘ಹೇಗೆ?’

“ಅದನ್ನ ನನ್ನ ಕೇಳ್ತೀರಾ? ಇಡೀ ಊರಿಗೆ ಹೇಳಿಕೊಂಡು ಬಂದವರು ನೀವು.”

ಶುಕ್ರವಾರ ಹನ್ನೊಂದಕ್ಕೆ ನಲವತ್ತು ದಿನವೂ ಡಾಕ್ಟರಮ್ಮನ ಕೈ ಸೇರಿತು. ಎಲ್ಲಿತ್ತು ಎಂದು ಕೇಳಿದ ಮಾವನ ಹೆಂಡತಿಗೆ ‘ಡಿಸ್ಕಿನ ಮೂಲೆ’ ಸಾಕಾಯಿತು. ಅವರು ಅತ್ತಿಗೆಯ ಎರಡೂ ಕೈ ಹಿಡಿದುಕೊಂಡು, ಆಶ್ಚರ್ಯ, ಒಂದು ಮಾತೂ ಆಡದೆ ನಿಂತಿದ್ದರು. ಆಮೇಲೆ ಎರಡು ತಿಂಗಳು ಆ ಮನೆಯಿಂದ ಸುದ್ದಿಯಿಲ್ಲ. ಅಳಿಯನೂ ಬರಲಿಲ್ಲ. ಅವನ ಪ್ಯಾಂಟು ನನ್ನ ಕಪಾಟಿನಲ್ಲೇ ಬಿದ್ದಿತ್ತು. ಕಪಾಟು ತೆರೆದಾಗಲೆಲ್ಲ ಅದು ನನ್ನ ಮುಖ ನೋಡುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನಗೆ ಚಿಕ್ಕಂದಿನಲ್ಲಿ ಎಷ್ಟು ಸಲ ಹೇಳಿದ್ದರೋ. ಒಂದು ದಿನ ತಡೆಯಲಾರದೆ ಪ್ಯಾಂಟನ್ನು ಎರಡಿಂಚು ಕಡಿಮೆ ಮಾಡಿ, ಇಸ್ತ್ರಿ ಹಾಕಿ, ಚೂರುಗಳ ಗಂಟು ಕಟ್ಟಿಟ್ಟೆ.

ಒಂದು ಭಾನುವಾರ ಬೆಳಿಗ್ಗೆ ಮೂವರೂ ಬಂದರು. ಮಾವ ಮುಂದೆ, ಅವರ ಹೆಂಡತಿ ಪಕ್ಕದಲ್ಲಿ, ಅಳಿಯ ಒಂದು ಮಾರು ಹಿಂದೆ. ಅವನು ನನ್ನನ್ನು ಕಂಡು ಬಾಗಿಲಲ್ಲೇ ನಿಂತ. ಮಾವನ ಎದೆಯ ಮೇಲೆ ಬೋರ್ಡಿನ ಜಾಗದಲ್ಲಿ ಅಂಗೈಯಗಲದ ಒಂದು ಯಂತ್ರವಿತ್ತು.

“ನಿನ್ನೆ ಬಂತಮ್ಮ” ಎಂದರು ಮಾವನ ಹೆಂಡತಿ. “ಮನೇಲಿ ಒಂದು ಪದ ಆಡಿಸಲಿಲ್ಲ ನೋಡಿ. ಮೊದಲ ಮಾತು ಚೂರಮ್ಮನ ಅಂಗಡೀಲೇ ಅಂತ ಬರೆದು ಕೂತುಬಿಟ್ರು. ಅಳಿಯಂದ್ರೂ ಬರ್ಲೇಬೇಕಂತೆ.”

ಮಾವ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ, ಒಂದೊಂದೇ ಅಕ್ಷರ ಒತ್ತಿದರು. ಬಹಳ ಹೊತ್ತು ಒತ್ತಿದರು. ಬೀದಿಯಲ್ಲಿ ಸೈಕಲ್ ಬೆಲ್ಲು ಕೇಳುತ್ತಿತ್ತು. ಆಮೇಲೆ ಅಳಿಯನ ಕಡೆ ತಿರುಗಿ, ಕೊನೆಯ ಗುಂಡಿ ಒತ್ತಿದರು.

“ಪ್ರಯಾಣಿಕರು ದಯವಿಟ್ಟು ಗಮನಿಸಿ.”

ಅದೇ ದನಿ. ಮಾವನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದರು.

“ನನ್ನ ದನಿಯನ್ನು ಅಳಿಸಿದವನು ನಾನೇ. ಅಳಿಯಂದಿರು ಮುಟ್ಟಿಲ್ಲ. ಇದನ್ನು ತಿಳಿಸಲು ಆರು ತಿಂಗಳು ತಡವಾಗಿದೆ. ಆಗಿರುವ ಅನಾನುಕೂಲಕ್ಕೆ ನಾನು ವಿಷಾದಿಸುತ್ತೇನೆ.”

ಮೂವತ್ತೊಂದು ವರ್ಷ ಆ ದನಿ ದಿನವೂ ಕ್ಷಮೆ ಕೇಳಿತ್ತು, ಎಲ್ಲೋ ನಿಂತ ಗಾಡಿಗೆ, ಯಾರೋ ಮಾಡಿದ ತಡಕ್ಕೆ. ತನ್ನ ಸ್ವಂತ ತಪ್ಪಿಗೆ ಕೇಳಿದ್ದು ಅವತ್ತೇ. ಮಾವನ ಹೆಂಡತಿ ಗಂಡನನ್ನು ನೋಡಿದರು, ಅಳಿಯನನ್ನು ನೋಡಿದರು, ಮುಖ ಕೆಂಪಾಯಿತು. ಅಳಿಯನ ತೋಳು ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡರು.

ಅಳಿಯ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. “ಪರವಾಗಿಲ್ಲ ಮಾವ” ಎಂದ. “ಗಾಡಿ ತಡ ಆದ್ರೂ ಬಂತಲ್ಲ.”

ಅತ್ತಿಗೆ ನೋಟ್‌ಬುಕ್ಕು ತೆರೆದು ಆ ಪುಟದ ಮೇಲೆ ಅಡ್ಡಗೆರೆ ಎಳೆದು ಮುಚ್ಚಿದರು. ಇನ್ನು ಉಳಿದದ್ದು ನನ್ನ ಲೆಕ್ಕ. ಕಪಾಟಿನಿಂದ ಪ್ಯಾಂಟನ್ನೂ ಚೂರಿನ ಗಂಟನ್ನೂ ತೆಗೆದು ಅವನ ಕೈಗಿಟ್ಟೆ.

“ಅಳೆಯದೆ ಮಾತಾಡಿದೆ ಕಣಪ್ಪ. ಹೊಟ್ಟೆಗೆ ಹಾಕ್ಕೋ. ಅಲ್ಲಿ ಟ್ರಯಲ್ ರೂಮಿದೆ, ಹಾಕ್ಕೊಂಡು ನೋಡು, ಸರಿ ಇಲ್ಲ ಅಂದ್ರೆ ಇಲ್ಲೇ ಬಿಚ್ಚಿ ಮತ್ತೆ ಹೊಲಿತೀನಿ.”

ಅವನು ಪರದೆಯ ಹಿಂದೆ ಹೋದ. ನಾವು ನಾಲ್ವರೂ ಕಾಯುತ್ತ ನಿಂತೆವು.